ವಾಲಿದ ಅಕ್ಷರ

ಕಂಪ್ಯೂಟರ್ ಮುಂದೆ ಕೂತು ನಾನು ಮೊಟ್ಟಮೊದಲು ಕಲಿತದ್ದು ಮೂರು ಗುಂಡಿಗಳ ಉಪಯೋಗವನ್ನು. ಪರದೆಯ ಮೇಲ್ಭಾಗದಲ್ಲಿ ಬಿ, ಐ, ಯು ಎಂದು ಮೂರು ಇಂಗ್ಲಿಷ್ ಅಕ್ಷರಗಳು ಸಾಲಾಗಿ ಕೂತಿರುತ್ತವಲ್ಲ, ಅವೇ. ಬಿ ಒತ್ತಿದರೆ ಅಕ್ಷರ ದಪ್ಪಗಾಗುತ್ತದೆ, ಯು ಒತ್ತಿದರೆ ಅಡಿಗೆರೆ ಬೀಳುತ್ತದೆ, ಐ ಒತ್ತಿದರೆ ಅಕ್ಷರ ಬಲಕ್ಕೆ ವಾಲುತ್ತದೆ. ದಪ್ಪಗಾಗುವುದರಲ್ಲಿ ನನಗೆ ಅಂಥ ಕುತೂಹಲವಿರಲಿಲ್ಲ. ಅದು ಯಾವ ಗುಂಡಿಯನ್ನೂ ಒತ್ತದೆಯೇ ಮನೆಯಲ್ಲಿ ನಡೆದಿತ್ತು. ಅಡಿಗೆರೆ ಎಳೆಯುವುದು ಮೇಷ್ಟರ ಕೆಲಸದಲ್ಲಿ ದಿನನಿತ್ಯದ್ದು. ಆದರೆ ಆ ಐ ಇದೆಯಲ್ಲ, ಅದು ನನ್ನನ್ನು ಮರುಳು ಮಾಡಿತು. ನೆಟ್ಟಗೆ ಕವಾಯತಿಗೆ ನಿಂತಂತಿದ್ದ ಅಕ್ಷರಗಳು ಒಂದೇ ಒತ್ತಿಗೆ ಗಾಳಿಗೆ ಬಾಗಿದ ಭತ್ತದ ಪೈರಿನಂತಾಗಿಬಿಡುತ್ತಿದ್ದವು.

ನಮ್ಮ ಶಾಲೆಗೆ ಕಂಪ್ಯೂಟರ್ ಬಂದು ಎಷ್ಟೋ ವರ್ಷಗಳಾಗಿದ್ದರೂ ಅದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು, ಹೊಸ ಸೊಸೆಯ ಹಾಗೆ ಯಾರೊಂದಿಗೂ ಮಾತಾಡದೆ ಕೂತಿತ್ತು. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ನಾವೇ ಟೈಪು ಮಾಡಿಕೊಳ್ಳಬೇಕೆಂಬ ಆದೇಶ ಬಂದ ಮೇಲೆ, ಐವತ್ತು ದಾಟಿದ ನಾವು ಮೂವರು ಹೆಂಗಸರು ಒಂದೊಂದೇ ಬೆರಳಿನಲ್ಲಿ ಕುಟ್ಟತೊಡಗಿದೆವು. ನನ್ನದು ಇಂಗ್ಲಿಷ್ ಮತ್ತು ಸಮಾಜ. ಇಂಗ್ಲಿಷ್ ಪತ್ರಿಕೆಯಾದರೆ ಕೇಳುವುದೇ ಬೇಡ, ತಲೆಬರಹದಿಂದ ಹಿಡಿದು ಕೊನೆಯ ಪ್ರಶ್ನೆಯವರೆಗೆ ಎಲ್ಲವನ್ನೂ ವಾಲಿಸಿಬಿಡುತ್ತಿದ್ದೆ. 'ಮೇಡಂ ಪೇಪರ್ ನೋಡೋಕೆ ಲಗ್ನಪತ್ರಿಕೆ ಥರ ಇರತ್ತೆ' ಎಂದು ವಿಜ್ಞಾನದ ಮೇಷ್ಟರು ಅಂದರೆ ಹೊಗಳಿಕೆ ಎಂದೇ ತಿಳಿದು ಹಿಗ್ಗುತ್ತಿದ್ದೆ.

ಈ ಮೋಹಕ್ಕೆ ಹಳೆಯ ಬೇರಿದೆ. ನಾನು ಐದನೆಯ ತರಗತಿಯಲ್ಲಿದ್ದಾಗ ನಾಲ್ಕು ಗೆರೆಯ ಕಾಪಿ ಪುಸ್ತಕ ಕೊಟ್ಟು, ಅಕ್ಷರಗಳನ್ನು ಕೂಡಿಸಿ ಬಲಕ್ಕೆ ವಾಲಿಸಿ ಬರೆಯುವುದನ್ನು ಕಲಿಸಿದರು. ನನ್ನ ಕೈಬರಹ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ನಾನೇ ಹೇಳಿಕೊಳ್ಳುವುದು ಸರಿಯಲ್ಲ, ಆದರೆ ಹೇಳುವವರು ಈಗ ಯಾರೂ ಉಳಿದಿಲ್ಲ. ಮೊದಲ ಬಹುಮಾನವಾಗಿ ಬಂದ ಒಂದು ಸ್ಟೀಲಿನ ಲೋಟ ಇಂದಿಗೂ ನಮ್ಮ ಮನೆಯಲ್ಲಿ ಮೆಂತ್ಯ ಅಳೆಯಲು ಇದೆ. ವಾಲಿದ ಅಕ್ಷರವೆಂದರೆ ಸಂಸ್ಕಾರವಂತ ಅಕ್ಷರ, ನೆಟ್ಟಗಿನ ಅಕ್ಷರವೆಂದರೆ ಇನ್ನೂ ಕಲಿಯುತ್ತಿರುವವರ ಅಕ್ಷರ ಎಂಬುದು ಆಗಲೇ ತಲೆಯಲ್ಲಿ ಕೂತುಬಿಟ್ಟಿತು.

ಇನ್ನೊಂದು ಬೇರು ಅಪ್ಪನದು. ಅಪ್ಪ ನಮ್ಮ ಊರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದರು. ಸೀಸದ ಅಚ್ಚುಮೊಳೆಗಳು ಮರದ ಖಾನೆಗಳಲ್ಲಿ ಇರುತ್ತಿದ್ದವು. ಕನ್ನಡದ್ದಕ್ಕೆ ಗೋಡೆಯುದ್ದದ ಖಾನೆಗಳು ಬೇಕು; ಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆಗಳಲ್ಲವೆ? ಇಂಗ್ಲಿಷಿನದು ಅಚ್ಚುಕಟ್ಟಾದ ಸಣ್ಣ ಸಂಸಾರ. ಅದರಲ್ಲಿ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಮಾತ್ರ ವಾಲಿದ ಮೊಳೆಗಳು. ಅಪ್ಪ ಅದನ್ನು ಮುಟ್ಟಲು ನಮಗೆ ಬಿಡುತ್ತಿರಲಿಲ್ಲ. ವಾಲಿದ ಎಫ್ ಅಕ್ಷರದ ತಲೆ ಮತ್ತು ಬಾಲ ಮೊಳೆಯ ಮೈಯಿಂದ ಹೊರಗೆ ಚಾಚಿಕೊಂಡಿರುತ್ತದೆ, ಪಕ್ಕದ ಅಕ್ಷರದ ಹೆಗಲ ಮೇಲೆ ಕೈಯಿಟ್ಟ ಹಾಗೆ. ಕೆಳಗೆ ಆಧಾರವಿಲ್ಲದ ಆ ತುದಿ ಸ್ವಲ್ಪ ಒತ್ತಡ ಹೆಚ್ಚಾದರೂ ಮುರಿದುಹೋಗುತ್ತಿತ್ತು. 'ನೆಟ್ಟಗಿದ್ದದ್ದು ಹತ್ತು ವರ್ಷ ಬಾಳುತ್ತೆ ಮಗಾ, ವಾಲಿದ್ದು ಬೇಗ ಮುರಿಯುತ್ತೆ' ಅನ್ನುತ್ತಿದ್ದರು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಅಪ್ಪ ಅದನ್ನು ಸರಸರನೆ ಓದುತ್ತಿದ್ದರು. ನಾನು ಬೆರಗಾಗಿ ನಿಂತರೆ, ಇದರಲ್ಲಿ ಓದಲಾರದ್ದು ಏನಿದೆ ಎಂದು ಅವರಿಗೇ ಬೆರಗು. ಡಿಟಿಪಿ ಬಂದು ಆ ಮುದ್ರಣಾಲಯ ಮುಚ್ಚಿತು, ಮೊಳೆಗಳು ಕೆ.ಜಿ. ಲೆಕ್ಕದಲ್ಲಿ ಹೋದವು.

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಅವನು ಎಂಟನೆಯ ತರಗತಿಯಲ್ಲಿದ್ದ. ತಂದೆ ಇಲ್ಲ, ತಾಯಿ ಅಡಿಕೆ ಸುಲಿಯಲು ಹೋಗುತ್ತಾಳೆ. ಪಾಠ ಕೇಳುವಾಗ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದ, ಬಾಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತಿದ್ದ. ಬರೆ ಎಂದರೆ ಮಾತ್ರ ಪೆನ್ನು ಹುಡುಕತೊಡಗುತ್ತಿದ್ದ. ಇಪ್ಪತ್ತು ಅಂಕದ ಒಂದು ಕಿರುಪರೀಕ್ಷೆಯಲ್ಲಿ ನಾನು ಒಂದು ಪುಟದ ಗದ್ಯಭಾಗ ಕೊಟ್ಟು ಕೆಳಗೆ ಪ್ರಶ್ನೆ ಹಾಕಿದ್ದೆ. ಎಲ್ಲವೂ ವಾಲಿದ ಅಕ್ಷರದಲ್ಲಿ, ಒಂದಕ್ಕೊಂದು ಹತ್ತಿಕೊಂಡು, ಒಂದೇ ಹಾಳೆಯಲ್ಲಿ ಹಿಡಿಯಲಿ ಎಂದು ಸಣ್ಣದಾಗಿ. ಹುಡುಗ ಹೆಸರು ಬರೆದು, ಮೊದಲ ಪ್ರಶ್ನೆಯನ್ನೇ ಅರ್ಧ ನಕಲು ಮಾಡಿ, ಸುಮ್ಮನೆ ಕೂತಿದ್ದ. ಯಾಕೋ ಎಂದರೆ, 'ಅಕ್ಷರ ಎಲ್ಲಾ ಬೀಳ್ತಾ ಇದೆ ಮಿಸ್' ಎಂದ.

ತರಗತಿ ಗೊಳ್ಳೆಂದು ನಕ್ಕಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. 'ಹಾಗಾದ್ರೆ ಹಿಡ್ಕೋ' ಎಂದೆ. ಇಪ್ಪತ್ತಕ್ಕೆ ಒಂದೂವರೆ ಅಂಕ ಕೊಟ್ಟು ಪ್ರಗತಿ ಪತ್ರದಲ್ಲಿ 'ಗಮನ ಸಾಲದು' ಎಂದು ಕೆಂಪು ಶಾಯಿಯಲ್ಲಿ, ಅದೂ ನನ್ನ ಬಹುಮಾನದ ಕೈಬರಹದಲ್ಲಿ ಬರೆದೆ. ಅದಕ್ಕೆ ಸಹಿ ಹಾಕಲು ಬಂದ ತಾಯಿ ಬಾಗಿಲ ಹತ್ತಿರವೇ ನಿಂತು, 'ಬಿಡಿಸಿಬಿಡ್ಲಾ ಅಮ್ಮಾ, ಗ್ಯಾರೇಜಿನೋರು ಕೇಳ್ತಾ ಅವ್ರೆ' ಎಂದಳು. 'ವರ್ಷ ಮುಗೀಲಿ, ನೋಡೋಣ' ಎಂದೆ. ನನ್ನ ಬಾಯಿಂದ ಬೇಡ ಎಂಬ ಮಾತು ಬರಲಿಲ್ಲ ಎಂಬುದನ್ನು ಈಗ ನೆನೆದುಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದಸರಾ ರಜಕ್ಕೆ ಮಗಳು ಬಂದಳು. ಅವಳು ಬೆಂಗಳೂರಿನಲ್ಲಿ ಪುಸ್ತಕಗಳ ಪುಟವಿನ್ಯಾಸದ ಕೆಲಸ ಮಾಡುತ್ತಾಳೆ. ಅಜ್ಜನ ಕಸುಬೇ ಒಂದು ತಲೆಮಾರು ಹಾರಿ ಅವಳಿಗೆ ಬಂತು ಎಂದು ನಮ್ಮವರು ಹೇಳುತ್ತಿರುತ್ತಾರೆ. ಊಟದ ಮೇಜಿನ ಮೇಲೆ ನನ್ನ ಪ್ರಶ್ನೆಪತ್ರಿಕೆಗಳ ಕಟ್ಟು ನೋಡಿದವಳೇ, 'ಅಮ್ಮ, ಇಡೀ ಪೇಪರ್ ಇಟಾಲಿಕ್ಸಾ? ಮಕ್ಕಳ ಮೇಲೆ ಏನು ಸೇಡು ನಿಂಗೆ?' ಎಂದಳು. ನಾನು ಲೋಟದ ಬಹುಮಾನದಿಂದ ಶುರುಮಾಡಿ ನನ್ನ ವಾದ ಮಂಡಿಸಿದೆ. ಅವಳು ತನ್ನ ಕಂಪ್ಯೂಟರ್ ತೆರೆದು ಪಕ್ಕಕ್ಕೆ ಕೂರಿಸಿಕೊಂಡಳು. ಆ ರಾತ್ರಿ ನಾನು ಮಗಳ ವಿದ್ಯಾರ್ಥಿನಿಯಾದೆ. ಪಾತ್ರೆಗಳು ಬೆಳಗಿನವರೆಗೂ ಹಾಗೇ ಬಿದ್ದಿದ್ದವು.

ವಾಲಿದ ಅಕ್ಷರಕ್ಕೆ ಇಟಾಲಿಕ್ ಎಂದು ಹೆಸರು ಬಂದದ್ದು ಇಟಲಿಯಿಂದ. ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ರೋಮಿನ ಕವಿ ವರ್ಜಿಲನ ಕಾವ್ಯವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿದ. ಪುಸ್ತಕ ಪೂರ್ತಿ ವಾಲಿದ ಅಕ್ಷರದಲ್ಲಿ. ಆ ಮೊಳೆಗಳನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಿ. ಅಂದಿನ ವಿದ್ವಾಂಸರು ಸರಾಗವಾಗಿ ಬರೆಯುತ್ತಿದ್ದ ಕೈಬರಹವೇ ಅದಕ್ಕೆ ಮಾದರಿ. ತಮಾಷೆಯೆಂದರೆ ಸಣ್ಣಕ್ಷರಗಳು ಮಾತ್ರ ವಾಲಿದ್ದವು. ದೊಡ್ಡಕ್ಷರಗಳು ನೆಟ್ಟಗೇ ಇದ್ದವು, ಹಿರಿಯರು ಬಾಗಬೇಕಾಗಿಲ್ಲ ಎಂಬಂತೆ. ಅಂದರೆ ಮೊದಲಿಗೆ ಇಟಾಲಿಕ್ ಒಂದು ಸ್ವತಂತ್ರ ಅಕ್ಷರಕುಲ. ನೆಟ್ಟಗಿನ ಅಕ್ಷರದ ನಡುವೆ ಒಂದೆರಡು ಪದವನ್ನು ಎತ್ತಿ ತೋರಿಸಲು ಅದನ್ನು ಬಳಸುವ ಪದ್ಧತಿ ಬೆಳೆದದ್ದು ಆಮೇಲೆ.

ಇನ್ನು ಸೆರಿಫ್. ಹಳೆಯ ಇಂಗ್ಲಿಷ್ ಅಚ್ಚಕ್ಷರದ ಗೆರೆ ಮುಗಿಯುವಲ್ಲಿ ಒಂದು ಪುಟ್ಟ ಅಡ್ಡಪಾದ ಇರುತ್ತದೆ, ಕಾಲಿಗೆ ಕಾಲುಂಗುರ ಇದ್ದ ಹಾಗೆ. ಅದು ಸೆರಿಫ್. ಅದಿಲ್ಲದ್ದು ಸ್ಯಾನ್ಸ್ ಸೆರಿಫ್, ಅಂದರೆ ಅಲಂಕಾರ ತೆಗೆದಿಟ್ಟ ಬೋಳು ಅಕ್ಷರ. ಲಂಡನ್ನಿನಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರಲ್ಲಿ ಇಂಥ ಮೊದಲ ಅಚ್ಚುಮೊಳೆ ತಂದಾಗ ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. ಆ ಶತಮಾನದಲ್ಲಿ ಇದಕ್ಕೆ ಬಿದ್ದ ಒಂದು ಹೆಸರು 'ಗ್ರೊಟೆಸ್ಕ್', ಎಂದರೆ ವಿಕಾರ. ಆಭರಣವಿಲ್ಲದೆ ಹೊರಗೆ ಬಂದವಳಿಗೆ ಊರು ಇಡುವ ಹೆಸರು ಎಲ್ಲ ಕಡೆಯೂ ಒಂದೇ ನೋಡಿ.

ತೊಡಕು ಇರುವುದು ಈ ಎರಡು ಮನೆತನಗಳ ಸಂಬಂಧದಲ್ಲಿ. ಇಟಾಲಿಕ್ ಲೇಖನಿಯಿಂದ ಹುಟ್ಟಿದ್ದು. ಕೈ ಓಡಿದ ಗುರುತು ಅದರ ಮೈಯೆಲ್ಲ ಇದೆ. ಬೋಳಕ್ಷರದಲ್ಲಿ ಕೈಯ ಗುರುತೇ ಇಲ್ಲ, ಅದು ಅಳತೆಪಟ್ಟಿಯ ಮಗು. ಹಾಗಾದರೆ ಬೋಳಕ್ಷರಕ್ಕೆ ಇಟಾಲಿಕ್ ಮಾಡುವುದು ಹೇಗೆ? ಒಂದು ದಾರಿ, ನೆಟ್ಟಗಿದ್ದದ್ದನ್ನು ಹತ್ತು ಹನ್ನೆರಡು ಡಿಗ್ರಿ ಬಲಕ್ಕೆ ತಳ್ಳಿಬಿಡುವುದು. ಇದನ್ನು ಅವರು ಆಬ್ಲಿಕ್ ಎನ್ನುತ್ತಾರೆ. ಇನ್ನೊಂದು ದಾರಿ, ಲೇಖನಿ ಹಿಡಿದು ಬರೆದರೆ ಹೇಗಿರುತ್ತಿತ್ತೋ ಹಾಗೆ ಹೊಸದಾಗಿಯೇ ಬರೆಯುವುದು. ಅದು ನಿಜವಾದ ಇಟಾಲಿಕ್.

ಬರೀ ತಳ್ಳಿದರೆ ಏನಾಗುತ್ತದೆಂದು ಮಗಳು ತೋರಿಸಿದಳು. ಬಳೆಯಂಥ ಒಂದು ಓ ಅಕ್ಷರವನ್ನು ಪರದೆಯಲ್ಲಿ ದೊಡ್ಡದಾಗಿ ಇಟ್ಟು ವಾಲಿಸಿದಳು. ಮೇಲಿನ ಬಲಮೂಲೆ ಮತ್ತು ಕೆಳಗಿನ ಎಡಮೂಲೆಯಲ್ಲಿ ಗೆರೆ ಊದಿಕೊಂಡಿತು, ಉಳಿದೆರಡು ಮೂಲೆಗಳಲ್ಲಿ ಸೊರಗಿತು. ಸುತ್ತ ಒಂದೇ ದಪ್ಪವಿದ್ದ ಬಳೆ ಯಾರೋ ಮೆಟ್ಟಿದಂತೆ ಕಾಣುತ್ತಿತ್ತು. ಒಳ್ಳೆಯ ಅಕ್ಷರಶಿಲ್ಪಿ ವಾಲಿಸಿದ ಮೇಲೆ ಪ್ರತಿ ತಿರುವನ್ನೂ ಕಣ್ಣಳತೆಯಲ್ಲಿ ತಿದ್ದುತ್ತಾನಂತೆ. ಕಡ್ಡಿಯಿಟ್ಟು ಅಳೆದರೆ ಸರಿಯಿಲ್ಲದ್ದು ಕಣ್ಣಿಗೆ ಸರಿ ಕಾಣಬೇಕು. ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮೊದಲ ದಾರಿಯ ದೊಡ್ಡ ಉದಾಹರಣೆ ಯೂನಿವರ್ಸ್. ಸ್ವಿಟ್ಜರ್ಲೆಂಡಿನ ಏಡ್ರಿಯನ್ ಫ್ರೂಟಿಗರ್ 1957ರಲ್ಲಿ ಹೊರತಂದ ಈ ಅಕ್ಷರಕುಟುಂಬದಲ್ಲಿ ಹೆಸರಿಗೆ ಬದಲು ನಂಬರು. ಮೊದಲಿನ ಅಂಕಿ ದಪ್ಪವನ್ನು ಹೇಳಿದರೆ ಎರಡನೆಯದು ಅಗಲ ಮತ್ತು ನಿಲುವನ್ನು ಹೇಳುತ್ತದೆ. ಸಾಮಾನ್ಯವಾದ ನೆಟ್ಟಗಿನದು 55, ಅದರದೇ ವಾಲಿದ ರೂಪ 56. ಸಮಸಂಖ್ಯೆ ಎಂದರೆ ವಾಲಿದ್ದು. ನನಗೆ ಈಗ ಐವತ್ತಾರು ನಡೆಯುತ್ತಿದೆ, ಎಡಮಂಡಿಯ ಕೃಪೆಯಿಂದ ನಡೆಯುವಾಗ ನಾನೂ ಸ್ವಲ್ಪ ಬಲಕ್ಕೇ ವಾಲುತ್ತೇನೆ. ಫ್ರೂಟಿಗರನ ಲೆಕ್ಕ ತಪ್ಪಿಲ್ಲ.

ಎರಡನೆಯ ದಾರಿಯಲ್ಲಿ ನಡೆದವನು ಇಂಗ್ಲೆಂಡಿನ ಎರಿಕ್ ಗಿಲ್. ಅವನ ಗಿಲ್ ಸ್ಯಾನ್ಸ್ ಅಕ್ಷರವನ್ನು ಮಾನೊಟೈಪ್ ಕಂಪನಿ 1928ರಲ್ಲಿ ಹೊರತಂದಿತು. 1935ರಲ್ಲಿ ಶುರುವಾದ ಪೆಂಗ್ವಿನ್ ಪುಸ್ತಕಗಳ ಕಿತ್ತಳೆ ಬಣ್ಣದ ರಕ್ಷಾಪುಟದ ಮೇಲೆ ಶೀರ್ಷಿಕೆ ಇದ್ದದ್ದು ಈ ಅಕ್ಷರದಲ್ಲೇ. ಬಿ.ಎ. ಓದುವಾಗ ಗ್ರಂಥಾಲಯದಲ್ಲಿ ಅವನ್ನು ಎಷ್ಟು ಸಲ ಹಿಡಿದಿದ್ದೇನೋ, ಅಕ್ಷರಕ್ಕೊಂದು ಹೆಸರಿದೆ ಎಂದು ಗೊತ್ತಿರಲಿಲ್ಲ. ಇದರ ಇಟಾಲಿಕ್‌ನಲ್ಲಿ ಎ ಅಕ್ಷರ ಮೇಲಿನ ಕೊಕ್ಕೆಯನ್ನು ಬಿಟ್ಟು, ನಾವು ಕೈಯಲ್ಲಿ ಬರೆಯುವ ಗುಂಡು ಎ ಆಗುತ್ತದೆ. ಪಿ ಅಕ್ಷರದ ಎಡಕ್ಕೆ, ಲೇಖನಿ ಊರಿದಾಗ ಬಿಟ್ಟುಹೋದ ಎಳೆಯಂಥ ಸಣ್ಣ ಬಾಲವಿದೆ. ಬೋಳಕ್ಷರವಾಗಿಯೂ ಕೈಬರಹದ ನೆನಪು ಬಿಟ್ಟಿಲ್ಲ. ನಾನು ಆ ಪಿ ನೋಡಿ ಮೆಚ್ಚಿ ಮೆಚ್ಚಿ ಮಾತಾಡುತ್ತಿದ್ದರೆ ಮಗಳು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, 'ಅಮ್ಮ, ಆ ಮನುಷ್ಯ ತನ್ನ ಹೆಣ್ಣುಮಕ್ಕಳನ್ನೇ ಕೆಡಿಸಿದವನು. 1989ರಲ್ಲಿ ಬಂದ ಅವನ ಜೀವನಚರಿತ್ರೆಯಿಂದ ಅದು ಹೊರಗೆ ಬಂತು' ಎಂದಳು. ನನ್ನ ಮಾತು ನಿಂತಿತು. ಆ ಪಿ ಈಗಲೂ ಚೆಂದವೇ ಇದೆ, ಆದರೆ ನನಗೆ ಅದನ್ನು ಹೆಚ್ಚು ಹೊತ್ತು ನೋಡಲು ಆಗುವುದಿಲ್ಲ.

ನನ್ನ ಪ್ರಶ್ನೆಪತ್ರಿಕೆಯ ಅಕ್ಷರ ಇವೆರಡೂ ಅಲ್ಲ, ಅದರ ಹೆಸರು ಕ್ಯಾಲಿಬ್ರಿ. ಬರ್ಲಿನ್‌ನಲ್ಲಿ ನೆಲೆಸಿದ ಡಚ್ ಅಕ್ಷರಶಿಲ್ಪಿ ಲ್ಯೂಕಾಸ್ ಡಿ ಗ್ರೂಟ್ ಇದನ್ನು ಮೈಕ್ರೊಸಾಫ್ಟ್ ಕಂಪನಿಗಾಗಿ ಬರೆದದ್ದು. ಗೆರೆಯ ತುದಿಗಳು ಚೂಪಾಗಿರದೆ ಸಾಬೂನು ಸವೆದಂತೆ ದುಂಡಗಿವೆ. 2007ರ ವರ್ಡ್‌ನಿಂದ ಹಿಡಿದು, 2023ರಲ್ಲಿ ಆಪ್ಟೋಸ್ ಎಂಬುದು ಅದರ ಜಾಗಕ್ಕೆ ಬರುವವರೆಗೂ, ಕಂಪ್ಯೂಟರ್ ತೆರೆದು ಟೈಪು ಮಾಡಿದರೆ ತಾನಾಗಿ ಬರುತ್ತಿದ್ದದ್ದು ಇದೇ. ನಮ್ಮ ಶಾಲೆಯ ಯಂತ್ರದಲ್ಲಿ ಇನ್ನೂ ಅದೇ ಇದೆ. ಇದರಿಂದ ಒಂದು ದೇಶದಲ್ಲಿ ಕೋಲಾಹಲವೇ ಆಯಿತು. 2017ರಲ್ಲಿ ಪಾಕಿಸ್ತಾನದ ಆಗಿನ ಪ್ರಧಾನಿಯ ಕುಟುಂಬ ತನಿಖೆಗೆ ಕೊಟ್ಟ ಕಾಗದಗಳಲ್ಲಿ 2006ರ ಫೆಬ್ರವರಿಯ ದಿನಾಂಕವಿತ್ತು, ಅಕ್ಷರ ಮಾತ್ರ ಕ್ಯಾಲಿಬ್ರಿ. ಆ ತಿಂಗಳಲ್ಲಿ ಈ ಅಕ್ಷರ ಜನಸಾಮಾನ್ಯರ ಕೈಗೇ ಬಂದಿರಲಿಲ್ಲವಲ್ಲ ಎಂದು ತನಿಖೆಯವರು ಪ್ರಶ್ನೆ ಎತ್ತಿದರು. ಸೀರೆಯ ಅಂಚು ನೋಡಿ ಅದು ಯಾವ ವರ್ಷದ್ದೆಂದು ಹೇಳುವ ನಮ್ಮ ಅತ್ತೆಯವರು ಇದ್ದಿದ್ದರೆ ಈ ತನಿಖೆಯನ್ನು ಬಹಳ ಮೆಚ್ಚುತ್ತಿದ್ದರು.

ಕ್ಯಾಲಿಬ್ರಿಯ ವಾಲಿದ ರೂಪ ಬರೀ ತಳ್ಳಿದ್ದಲ್ಲ. ಅದರಲ್ಲೂ ಎ ಅಕ್ಷರ ಕೈಬರಹದ ಗುಂಡು ಎ ಆಗುತ್ತದೆ. ಚೆಂದವಾಗಿಯೇ ಇದೆ, ನಾನು ಮರುಳಾದದ್ದು ಸುಮ್ಮನೆ ಅಲ್ಲ. 'ಆದರೆ ಇದು ಯಾವುದಕ್ಕೆ ಅಂತ ಮಾಡಿದ್ದು ಗೊತ್ತಾ?' ಎಂದಳು ಮಗಳು. ಪುಸ್ತಕದ ಹೆಸರಿಗೆ, ಹಡಗಿನ ಹೆಸರಿಗೆ, ಪರಭಾಷೆಯ ಪದಕ್ಕೆ, ಗಿಡಮರಗಳ ಲ್ಯಾಟಿನ್ ಹೆಸರಿಗೆ. ನಮ್ಮ ಮಾವಿನ ಮರ ಮ್ಯಾಂಜಿಫೆರ ಇಂಡಿಕ ಆಗುವಾಗ ವಾಲಲೇಬೇಕು. ಕೈಯಲ್ಲಿ ಬರೆಯುವಾಗ ವಿಜ್ಞಾನದ ಮೇಷ್ಟರು ಆ ಹೆಸರುಗಳಿಗೆ ಅಡಿಗೆರೆ ಎಳೆಸುತ್ತಾರಲ್ಲ, ಅದಕ್ಕೂ ಇದೇ ಕಾರಣ. ಹಸ್ತಪ್ರತಿಯಲ್ಲಿ ಅಡಿಗೆರೆ ಎಂದರೆ ಮೊಳೆ ಜೋಡಿಸುವವನಿಗೆ 'ಇದನ್ನು ವಾಲಿಸು' ಎಂಬ ಸಂಕೇತ. ಮೂವತ್ತು ವರ್ಷ ಅಡಿಗೆರೆ ಎಳೆದ ನನಗೆ ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿದ್ದಿರಬೇಕು.

ಎತ್ತಿ ಹೇಳುವುದಕ್ಕೂ ಅದು ಬೇಕು. ಆದರೆ ಇಟಾಲಿಕ್ ಕಂಡಲ್ಲೆಲ್ಲ ದನಿಯೇರಿಸಿ ಓದಿದರೆ ಕೆಲವೊಮ್ಮೆ ಫಜೀತಿ. ಬಿ.ಇಡಿ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಹಳೆಯ ಇಂಗ್ಲಿಷ್ ಬೈಬಲನ್ನು ದಿನಾ ಗಟ್ಟಿಯಾಗಿ ಓದುತ್ತಿದ್ದಳು. ಅದರಲ್ಲಿ ಅಲ್ಲಲ್ಲಿ ವಾಲಿದ ಪದಗಳಿವೆ. ಅವಳು ಅವಕ್ಕೆ ವಿಶೇಷ ಒತ್ತು ಕೊಟ್ಟು ಓದುವಳು. ಅಲ್ಲಿ ವಾಲಿದ್ದರ ಅರ್ಥ ಬೇರೆಯೇ: ಮೂಲದಲ್ಲಿ ಇಲ್ಲದ, ವಾಕ್ಯ ಕೂಡಿಬರಲೆಂದು ಅನುವಾದಕರು ಸೇರಿಸಿದ ಪದಗಳು ಅವು. ಇಷ್ಟು ವರ್ಷದ ಮೇಲೆ ತಿಳಿದು ನಗು ಬಂತು.

ಮಗಳು ಕೊನೆಗೆ ಹೇಳಿದ ಮಾತು ಇದು. 'ಒಗ್ಗರಣೆ ಚೆನ್ನಾಗಿದೆ ಅಂತ ಒಗ್ಗರಣೆಯನ್ನೇ ತಟ್ಟೆಗೆ ಬಡಿಸ್ತೀಯಾ? ಇಟಾಲಿಕ್ ಪಕ್ಕದ ನೆಟ್ಟಗಿನ ಅಕ್ಷರ ಇದ್ರೇ ಇಟಾಲಿಕ್. ಪುಟ ಪೂರ್ತಿ ವಾಲಿಸಿದ್ರೆ ಓದೋಕೆ ಕಷ್ಟ ಇರೋರಿಗೆ ಅಕ್ಷರ ಒಂದರ ಮೇಲೊಂದು ಬಿದ್ದ ಹಾಗೆ ಆಗತ್ತೆ.'

ಬಿದ್ದ ಹಾಗೆ. ನಾನು ಆ ಮಾತನ್ನು ಎಲ್ಲಿ ಕೇಳಿದ್ದೆ?

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಮಗಳನ್ನು ಎಬ್ಬಿಸಿ ಕೂರಿಸಿ ಓದಿಸಿದೆ. ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಸ್ಥೆ, ಅಂಥ ಓದುಗರಿಗಾಗಿ ಬರೆಯುವವರಿಗೆ ಸೂಚನೆಗಳನ್ನು ಕೊಟ್ಟಿದೆ. ಕಾಲುಂಗುರವಿಲ್ಲದ ಅಕ್ಷರ ಬಳಸಿ, ಹನ್ನೆರಡರಿಂದ ಹದಿನಾಲ್ಕು ಪಾಯಿಂಟ್ ಗಾತ್ರವಿರಲಿ, ಇಟಾಲಿಕ್ ಮತ್ತು ಅಡಿಗೆರೆ ಬೇಡ, ಎತ್ತಿ ತೋರಿಸಬೇಕಾದರೆ ದಪ್ಪ ಮಾಡಿ. ಒಪ್ಪುವ ಅಕ್ಷರಗಳ ಪಟ್ಟಿಯಲ್ಲಿ ಕ್ಯಾಲಿಬ್ರಿಯೇ ಇದೆ! ಅದೇ ಅಕ್ಷರ ನೆಟ್ಟಗೆ ನಿಂತರೆ ಆ ಮಗುವಿಗೆ ಊರುಗೋಲು, ನಾನು ವಾಲಿಸಿದ್ದಕ್ಕೆ ಮುಗ್ಗರಿಸುವ ಕಲ್ಲು. ಸ್ಪೇನಿನಲ್ಲಿ ಲೂಸ್ ರೆಲ್ಲೊ ಮತ್ತು ರಿಕಾರ್ಡೊ ಬೇಸಾ ಯೇಟ್ಸ್ ಎಂಬ ಸಂಶೋಧಕರು ಡಿಸ್ಲೆಕ್ಸಿಯಾ ಇರುವ 48 ಮಂದಿಗೆ ಹನ್ನೆರಡು ಬಗೆಯ ಅಕ್ಷರಗಳಲ್ಲಿ ಓದಲು ಕೊಟ್ಟು, ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ವಾಲಿದ ಅಕ್ಷರ ಓದನ್ನು ಕೆಡಿಸುತ್ತದೆ ಎಂದೇ ಅವರಿಗೂ ಕಂಡದ್ದು.

2007ರಲ್ಲಿ ಆ ಹಿಂದಿ ಸಿನಿಮಾ ಬಂದಾಗ, ಅಕ್ಷರಗಳು ಕುಣಿಯುತ್ತವೆ ಎನ್ನುವ ಹುಡುಗನನ್ನು ನೋಡಿ ನಾನು ಎರಡು ಕರವಸ್ತ್ರ ಒದ್ದೆ ಮಾಡಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಲಿಕೆಯ ಇಂಥ ತೊಂದರೆಯೂ ಸೇರಿದೆ ಎಂದು ತರಬೇತಿಯಲ್ಲಿ ಕೇಳಿ ಟಿಪ್ಪಣಿ ಬರೆದುಕೊಂಡಿದ್ದೆ, ಅಡಿಗೆರೆ ಸಹಿತ. ಕಣ್ಣೆದುರಿಗೆ ಅದೇ ಮಾತನ್ನು ಅಚ್ಚಕನ್ನಡದಲ್ಲಿ ಹೇಳಿದಾಗ ಮಾತ್ರ 'ಹಿಡ್ಕೋ' ಎಂದಿದ್ದೆ.

ರಜ ಮುಗಿದ ಮಾರನೆಯ ದಿನವೇ ಅದೇ ಗದ್ಯಭಾಗವನ್ನು ನೆಟ್ಟಗೆ ಮಾಡಿ, ಗಾತ್ರ ಹದಿನಾಲ್ಕಕ್ಕೆ ಏರಿಸಿ, ಸಾಲುಗಳ ನಡುವೆ ಜಾಗ ಬಿಟ್ಟು ಎರಡು ಹಾಳೆಯಲ್ಲಿ ತೆಗೆದೆ. ಹುಡುಗನನ್ನು ಮಧ್ಯಾಹ್ನದ ಬಿಡುವಿನಲ್ಲಿ ಕೂರಿಸಿದೆ. ಅವನು ಬೆರಳಿಟ್ಟುಕೊಂಡು ತುಟಿ ಆಡಿಸುತ್ತ ಓದಿದ. ಮುಕ್ಕಾಲು ಗಂಟೆ ಹಿಡಿಯಿತು. ಪವಾಡವೇನೂ ಆಗಲಿಲ್ಲ, ಕಾಗುಣಿತ ಚಿಂದಿಚಿಂದಿ, ಬಿ ಇರಬೇಕಾದಲ್ಲಿ ಡಿ. ಆದರೆ ಐದರಲ್ಲಿ ನಾಲ್ಕು ಪ್ರಶ್ನೆಗೆ ಸರಿಯಾದ ಉತ್ತರ ಇತ್ತು. ಕೊನೆಯದನ್ನು ಬಾಯಲ್ಲಿ ಹೇಳಿದ. 'ಇವತ್ತು ಬೀಳ್ಲಿಲ್ವೇನೋ?' ಎಂದೆ. 'ಒಂಚೂರು ಅಲ್ಲಾಡ್ತಿತ್ತು ಮಿಸ್, ಬೀಳ್ಲಿಲ್ಲ' ಎಂದ. ಪ್ರಗತಿ ಪತ್ರದಲ್ಲಿದ್ದ ನನ್ನ ಕೆಂಪು ಷರಾವನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಹೊಡೆದುಹಾಕಿದರೂ ಕಾಣುತ್ತದೆ, ಅದಕ್ಕೇನೂ ಮಾಡುವಂತಿಲ್ಲ. ಸಂಜೆ ಅಡಿಕೆ ಸುಲಿಯುವ ಚಪ್ಪರಕ್ಕೆ ಹೋಗಿ ಅವನ ತಾಯಿಗೆ, ಬಿಡಿಸಬೇಡ ಎಂದು ಹೇಳಿ ಬಂದೆ. ತಪ್ಪು ನನ್ನದು ಎಂದು ಹೇಳಲು ಹೋದರೆ ಅವಳಿಗೆ ಅರ್ಥವೇ ಆಗಲಿಲ್ಲ. ಕೈಯಲ್ಲಿದ್ದ ಮೆಟ್ಟುಗತ್ತಿ ಬಿಟ್ಟು ಎದ್ದು ಕೂರಲು ಮಣೆ ಹುಡುಕುತ್ತಿದ್ದಳು.

ಅಂದಿನಿಂದ ನಮ್ಮ ಶಾಲೆಯ ಕನ್ನಡದ ಪತ್ರಿಕೆಗಳನ್ನೂ ನೋಡುತ್ತೇನೆ. ಕನ್ನಡಕ್ಕೆ ವಾಲಿದ ಅಕ್ಷರದ ಪರಂಪರೆಯೇ ಇಲ್ಲ. ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೂ ನಮ್ಮಲ್ಲಿಲ್ಲ. ಯಾಕಿಲ್ಲ ಎಂದು ಯೋಚಿಸಿದರೆ ನನಗೆ ಹೊಳೆದದ್ದು, ನಮಗೆ ಅದರ ಅಗತ್ಯ ಬೀಳಲಿಲ್ಲ. ಇಂಗ್ಲಿಷಿನವರು ಒಂದು ಪದವನ್ನು ವಾಲಿಸಿ ತೋರಿಸುವ ಒತ್ತನ್ನು ನಾವು ಒಂದು ಏಕಾರದಲ್ಲಿ ಮುಗಿಸುತ್ತೇವೆ. ಅವನು ಬಂದ, ಅವನೇ ಬಂದ, ಅವನು ಬಂದೇ ಬಂದ. ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಆದರೂ ಕಂಪ್ಯೂಟರಿನಲ್ಲಿ ಐ ಗುಂಡಿ ಇದೆಯೆಂದು ಕನ್ನಡವನ್ನೂ ತಳ್ಳುತ್ತಾರೆ. ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಒಮ್ಮೆ ಹಾಗೆ ಮಾಡಿದ್ದರು. ಮೇಲಿನ ತಲೆಕಟ್ಟು ಬಲಕ್ಕೆ ಹೋದರೆ ಗೆರೆಯ ಕೆಳಗಿನ ಒತ್ತಕ್ಷರ ಎಡಕ್ಕೆ ಜಾರುತ್ತದೆ. ಹಿಂದಿನ ಅಕ್ಷರದ ಕಾಲಡಿಗೆ ನುಸುಳಿ, ಯಾರ ಒತ್ತು ಯಾರದೆಂದು ತಿಳಿಯದ ಹಾಗಾಗಿತ್ತು. ಗುಂಡಗಿನ ಅಕ್ಷರಗಳೆಲ್ಲ ಆ ಮೆಟ್ಟಿದ ಬಳೆಯಂತೆ. ಕನ್ನಡಕ್ಕೂ ಒಬ್ಬರು ಕೂತು ತಿದ್ದಿ ತೀಡಿ ಸೊಗಸಾಗಿ ವಾಲಿಸಬಹುದು, ಬೇಡವೆನ್ನಲು ನಾನು ಯಾರು? ಬರೀ ತಳ್ಳುವುದು ಮಾತ್ರ ಬೇಡ ಎಂದು ಸಿಬ್ಬಂದಿ ಸಭೆಯಲ್ಲಿ ಹೇಳಿದೆ. 'ಮೇಡಂ, ಐ ಗುಂಡಿ ಕಂಡುಹಿಡಿದೋರೇ ನೀವಲ್ವಾ?' ಎಂದರು ವಿಜ್ಞಾನದ ಮೇಷ್ಟರು.

ಹುಡುಗ ಈಗ ಹತ್ತನೆಯ ತರಗತಿ. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿ, ಹೆಚ್ಚುವರಿ ಸಮಯಕ್ಕೆ ಬೇಕಾದ ಕಾಗದಗಳನ್ನು ಮಾಡಿಸಿದ್ದೇವೆ. ಅದಕ್ಕೆ ಅಲೆದ ಕಥೆ ಬೇರೆಯೇ ಇದೆ, ಇಲ್ಲಿ ಬೇಡ. ಹೋದ ವಾರ ಅವನು ಶಾಲೆ ಬಿಟ್ಟ ಮೇಲೆ ಬಂದು, 'ಪಬ್ಲಿಕ್ ಪರೀಕ್ಷೇಲಿ ಆ ಬೀಳೋ ಅಕ್ಷರ ಬರತ್ತಾ ಮಿಸ್?' ಎಂದು ಕೇಳಿದ. ಬಂದರೂ ಒಂದೆರಡು ಪದ ಬರಬಹುದು, ಪುಸ್ತಕದ ಹೆಸರೋ ಏನೋ, ಎಂದೆ. ಅವನ ಮುಖದಲ್ಲಿ ಧೈರ್ಯ ಕಾಣಲಿಲ್ಲ. ಆ ಒಂದೆರಡನ್ನು ಈಗಲೇ ನೋಡಿಬಿಡೋಣ ಎಂದು ಬೋರ್ಡಿನ ಮೇಲೆ ಒಂದು ನೆಟ್ಟಗಿನ ವಾಕ್ಯ ಬರೆದು, ನಡುವೆ ಒಂದು ಪದವನ್ನು ಸ್ವಲ್ಪವೇ ವಾಲಿಸಿದೆ. ಅದರ ಕೆಳಗೆ ಇನ್ನೊಂದು ವಾಕ್ಯ, ಇನ್ನೂ ಸ್ವಲ್ಪ ಹೆಚ್ಚು ವಾಲಿದ ಪದ. ಅವನು ಬೋರ್ಡಿನ ಹತ್ತಿರ ಹೋಗಿ ಅಕ್ಷರಗಳ ಕೆಳಗೆ ಬೆರಳಿಟ್ಟ. ಸೀಮೆಸುಣ್ಣದ ಪುಡಿ ಅವನ ಬೆರಳಿಗೆ ಹತ್ತಿತು. ಮೊದಲನೆಯದನ್ನು ಎರಡು ಸಲ ತಡವರಿಸಿ ಓದಿದ. ಎರಡನೆಯದರ ಹತ್ತಿರ ಬಂದಾಗ, ಹೊರಗೆ ಗೇಟು ಹಾಕಲು ಜವಾನ ಬೀಗದ ಕೈ ಆಡಿಸುತ್ತಿದ್ದ. 'ಇನ್ನೈದು ನಿಮಿಷ' ಎಂದು ಕೂಗಿ ಹೇಳಿ ನಾನು ಕುರ್ಚಿ ಎಳೆದುಕೊಂಡು ಕೂತೆ.